ಮೇಷ್ಟ್ರನ್ನ ಕೇಳಿ: ಪಾಲಿಫಾಸ್ಫೇಟ್ ದಂಡೆ ಬಿಡಿಸೋದು ಯಾರು?

ಹೋದ ಸಂಚಿಕೆಯಲ್ಲಿ ಕೆರೆ ನೊರೆ ಬಗ್ಗೆ ಬರೆಯುವಾಗ ‘ಪಾಲಿಫಾಸ್ಫೇಟ್’ ಅನ್ನುವ ಪದ ಹಾಕಿ, ಅದೇನು ಅಂತ ಹೇಳದೆ ಮುಂದೆ ಹೋಗಿಬಿಟ್ಟಿದ್ದೆ. ತಪ್ಪು ನನ್ನದೇ. ಇಷ್ಟು ವರ್ಷ ಪಾಠ ಮಾಡಿದವನು ಹೀಗೆ ಮಾಡಬಾರದಿತ್ತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಮೇಲೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಹಲ್ಲಿ ಮೈಮೇಲೆ ಬಿದ್ದರೆ ವಿಷಾನಾ ಅಂತ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. (ವಿಷ ಅಲ್ಲ. ಹೆದರಬೇಡಿ.)

ಪ್ರಶ್ನೆ: ಸಾರ್, ನಮ್ಮ ನೋಟ್ಸ್‌ನಲ್ಲಿ ಎಕ್ಸೋಪಾಲಿಫಾಸ್ಫಟೇಸ್, ಎಂಡೋಪಾಲಿಫಾಸ್ಫಟೇಸ್ ಅಂತ ಎರಡು ಸಾಲು ಬರೆಸಿದ್ದಾರೆ ಅಷ್ಟೆ. ಎರಡೂ ಪಾಲಿಫಾಸ್ಫೇಟ್ ಒಡೆಯುವ ಕಿಣ್ವಗಳಂತೆ. ಒಂದೇ ಕೆಲಸಕ್ಕೆ ಎರಡು ಯಾಕೆ?
ಬಿಎಸ್ಸಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಒಂದೇ ಕೆಲಸ ಅಲ್ಲಮ್ಮ, ಅಲ್ಲೇ ಇರುವುದು ಸ್ವಾರಸ್ಯ. ಮೊದಲು ಪಾಲಿಫಾಸ್ಫೇಟ್ ಅನ್ನುವ ಈ ದಂಡೆ, ಅಂದರೆ ಹೂವಿನ ದಂಡೆ ಥರದ ಸರ, ಹೇಗಿರುತ್ತದೆ ನೋಡು. ನಡುವೆ ಒಂದು ರಂಜಕ, ಸುತ್ತ ನಾಲ್ಕು ಆಮ್ಲಜನಕ, ಇದು ಫಾಸ್ಫೇಟ್. ಎರಡು ಫಾಸ್ಫೇಟ್ ಸೇರಿದರೆ ಪೈರೋಫಾಸ್ಫೇಟ್. ಮೂರರಿಂದ ಶುರುವಾಗಿ ನೂರು, ಸಾವಿರದವರೆಗೆ ಒಂದರ ಪಕ್ಕ ಒಂದನ್ನು ಸಾಲಾಗಿ ಕಟ್ಟಿದರೆ ಪಾಲಿಫಾಸ್ಫೇಟ್. ಅಕ್ಕಪಕ್ಕದ ಇಬ್ಬರ ನಡುವೆ ಒಂದು ಆಮ್ಲಜನಕ ಹಂಚಿಕೆಯಾಗಿರುತ್ತದೆ. ಜೀವಕೋಶ ಶಕ್ತಿಗೆ ಬಳಸುವ ಎಟಿಪಿ ಅನ್ನುವ ಅಣುವಿನ ಬಾಲದಲ್ಲಿ ಇರುವುದೂ ಇದೇ ಗಂಟು. ಬ್ಯಾಕ್ಟೀರಿಯಾ, ಯೀಸ್ಟ್, ಗಿಡ, ಹಸು, ನೀನು, ನಾನು, ಎಲ್ಲರ ಜೀವಕೋಶದಲ್ಲೂ ಇಂಥ ದಂಡೆಗಳಿವೆ.

ಈಗ ನಿಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುವ ಅಕ್ಕನ ಬುಟ್ಟಿ ನೆನೆಸಿಕೋ. ಕನಕಾಂಬರದ ಉದ್ದನೆ ದಿಂಡು. ‘ಎರಡು ಮೊಳ ಕೊಡಿ’ ಅಂದರೆ ಮೊಣಕೈಗೆ ಅಳೆದು, ನಡುವೆ ದಾರ ಕತ್ತರಿಸಿ, ತುಂಡು ಕೊಡುತ್ತಾಳೆ. ಇದು ಎಂಡೋ. ಅದೇ ಹೂವನ್ನು ಮನೆಗೆ ತಂದು ಪಕ್ಕಕ್ಕಿಟ್ಟಾಗ ಮಗು ಬಂದು ತುದಿಯಿಂದ ಒಂದೊಂದೇ ಹೂ ಕೀಳುತ್ತಾ ಕೂತರೆ ಅದು ಎಕ್ಸೋ. ಎಂಡೋದಿಂದ ಸಿಗುವುದು ಸಣ್ಣ ದಂಡೆಗಳು, ಎಕ್ಸೋದಿಂದ ಸಿಗುವುದು ಬಿಡಿ ಫಾಸ್ಫೇಟ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇಲ್ಲಿಗೇ ನಿಲ್ಲಿಸಿದರೆ ನನಗೆ ತೃಪ್ತಿ ಇಲ್ಲ.

ಯೀಸ್ಟ್‌ನ ಎಕ್ಸೋಪಾಲಿಫಾಸ್ಫಟೇಸ್ ಇದೆಯಲ್ಲ, ಪಿಪಿಎಕ್ಸ್1 ಅಂತ ಹೆಸರು, ಅದನ್ನು 1994ರಲ್ಲಿ ಶುದ್ಧ ಮಾಡಿ ತೆಗೆದರು. ಅದರ ಕೆಲಸದ ರೀತಿಯೇ ಬೇರೆ. ಕೆಲವು ಕಿಣ್ವಗಳು ಒಂದು ಕಚ್ಚಿ, ಬಿಟ್ಟು, ಇನ್ನೊಂದು ದಂಡೆಗೆ ಹೋಗಿ ಕಚ್ಚುತ್ತವೆ. ಇದು ಹಾಗಲ್ಲ. ನಿಮ್ಮ ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ಎಳೆ ತೆಗೆಯುವುದನ್ನು ನೋಡಿದ್ದೀಯಾ? ಕಷ್ಟ ಇರುವುದು ಎಳೆಯ ತುದಿ ಹುಡುಕುವುದರಲ್ಲಿ. ತುದಿ ಸಿಕ್ಕಿತೋ, ಗೂಡು ಬಿಸಿನೀರಿನಲ್ಲಿ ಗಿರಗಿರ ತಿರುಗುತ್ತಾ ಕೊನೆವರೆಗೂ ಬಿಚ್ಚಿಕೊಳ್ಳುತ್ತದೆ. ಪಿಪಿಎಕ್ಸ್1 ಕೂಡ ತುದಿ ಹಿಡಿದರೆ ಬಿಡುವುದಿಲ್ಲ, ನೂರಾರು ಫಾಸ್ಫೇಟ್ ಉದುರಿಸಿಕೊಂಡೇ ಹೋಗುತ್ತದೆ. ಕೊನೆಗೆ ಎರಡೇ ಎರಡು ಉಳಿದಾಗ ಸುಮ್ಮನಾಗುತ್ತದೆ. ಆ ಜೋಡಿ ಪೈರೋಫಾಸ್ಫೇಟ್. ಅದನ್ನು ಒಡೆಯುವುದಕ್ಕೆ ಪೈರೋಫಾಸ್ಫಟೇಸ್ ಅನ್ನುವ ಇನ್ನೊಬ್ಬ ಬರಬೇಕು. ಮೆಗ್ನೀಸಿಯಂನಂಥ ಲೋಹದ ಅಯಾನು ಜೊತೆಗಿಲ್ಲದಿದ್ದರೆ ಇವರಲ್ಲಿ ಯಾರೂ ಕೆಲಸ ಮಾಡುವುದಿಲ್ಲ.

ಕಿಣ್ವ ಇಲ್ಲದೆಯೂ ಒಡೆಯಬಹುದು ಅನ್ನು. ಲ್ಯಾಬಿನಲ್ಲಿ ಆಮ್ಲ ಹಾಕಿ ಕುದಿಯುವ ನೀರಿನಲ್ಲಿ ಇಟ್ಟರೆ ನಿಮಿಷಗಳಲ್ಲಿ ಮುರಿಯುತ್ತದೆ. ಸುಮ್ನೆ ಮಾಮೂಲಿ ನೀರಿನಲ್ಲಿ ಬಿಟ್ಟರೆ ಮಾತ್ರ ಬಹಳ ಕಾಲ ಹಾಗೇ ಇರುತ್ತದೆ. ಜೀವಕೋಶಕ್ಕೆ ಕುದಿಸುವ ದಾರಿ ಇಲ್ಲ, ಅದಕ್ಕೇ ಕಿಣ್ವ.

ಇನ್ನೊಂದು ಮಾತು. ‘ಪಾಲಿಫಾಸ್ಫೇಟ್ ಶಕ್ತಿಯ ಭಂಡಾರ’ ಅಂತ ನೋಟ್ಸ್‌ನಲ್ಲಿ ಬರೆಸಿರುತ್ತಾರೆ. ಅರ್ಧ ಸರಿ. ಈ ಎಕ್ಸೋ, ಎಂಡೋಗಳು ನೀರು ಸೇರಿಸಿ ಗಂಟು ಬಿಚ್ಚುತ್ತವೆ, ಆಗ ಬರುವ ಶಕ್ತಿ ಬರೀ ಶಾಖವಾಗಿ ಹೋಗುತ್ತದೆ. ಆ ಶಕ್ತಿಯನ್ನು ಎಟಿಪಿಯಾಗಿ ಹಿಡಿಯಬೇಕಾದರೆ ದಂಡೆ ಕಟ್ಟುವ ಕಿಣ್ವವೇ ತಿರುಗುಮುರುಗಾಗಿ ಓಡಬೇಕು. ಅದರ ಹೆಸರು ಪಾಲಿಫಾಸ್ಫೇಟ್ ಕೈನೇಸ್. ಅದನ್ನು 1956ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕಂಡವರು ಆರ್ಥರ್ ಕಾರ್ನ್‌ಬರ್ಗ್, ಅವರ ಹೆಂಡತಿ ಸಿಲ್ವಿ ಮತ್ತು ಒಬ್ಬ ಸಹೋದ್ಯೋಗಿ. ಆಮೇಲೆ 1959ರಲ್ಲಿ ಕಾರ್ನ್‌ಬರ್ಗ್‌ಗೆ ಡಿಎನ್‌ಎ ಕೆಲಸಕ್ಕೆ ನೊಬೆಲ್ ಬಂತು, ಪಾಲಿಫಾಸ್ಫೇಟ್ ಮೂಲೆಗೆ ಬಿತ್ತು. ಮೂರು ದಶಕ ಕಳೆದು, ಎಲ್ಲರೂ ನಿವೃತ್ತಿ ತಗೊಂಡು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಅವರು ಮತ್ತೆ ಇದನ್ನೇ ಕೈಗೆತ್ತಿಕೊಂಡರು. 1990ರ ದಶಕದಲ್ಲಿ ಈ ಒಡೆಯುವ ಕಿಣ್ವಗಳ ಬಗ್ಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಅವರ ಲ್ಯಾಬಿನದು. ನನಗಂತೂ ನೊಬೆಲ್‌ಗಿಂತ ಇದೇ ಜಾಸ್ತಿ ಇಷ್ಟ.

ಒಡೆಯುವವನು ಇಲ್ಲದಿದ್ದರೆ ಏನಾಗುತ್ತದೆ? 2001ರಲ್ಲಿ ಅದನ್ನೂ ನೋಡಿದರು. ಪಿಪಿಎನ್1 ಅನ್ನುವ ಎಂಡೋ ಕಿಣ್ವದ ಜೀನು ಕಿತ್ತ ಯೀಸ್ಟ್‌ನಲ್ಲಿ ದಂಡೆಗಳು ಉದ್ದುದ್ದ ಬೆಳೆದು ಕೂತವು. ಅದರ ಜೊತೆಗೆ ಪಿಪಿಎಕ್ಸ್1ರ ಜೀನನ್ನೂ ಕಿತ್ತ ಯೀಸ್ಟ್, ಊಟ ಮುಗಿದು ಬೆಳವಣಿಗೆ ನಿಂತ ಮೇಲೆ ಬೇಗನೆ ಸಾಯತೊಡಗಿತು. ಉದ್ದ ದಂಡೆ ಜಾಸ್ತಿಯಾಗಿದ್ದಕ್ಕೋ, ಸಣ್ಣ ದಂಡೆ ಸಿಗದೆ ಹೋದದ್ದಕ್ಕೋ ಅನ್ನುವುದು ಆಗ ಗೊತ್ತಾಗಲಿಲ್ಲ.

ಇ. ಕೋಲಿಯ ಕಥೆ ಇದಕ್ಕೆ ಉಲ್ಟಾ. ಅದಕ್ಕೆ ಹಸಿವಾದಾಗ ಒಳಗೆ ಒಂದು ಅಪಾಯದ ಸಂಕೇತದ ಅಣು ಏಳುತ್ತದೆ. ಆ ಅಣು ಎಕ್ಸೋಪಾಲಿಫಾಸ್ಫಟೇಸ್‌ನ ಬಾಯಿ ಕಟ್ಟುತ್ತದೆ. ದಂಡೆ ಕಟ್ಟುವವನು ಕಟ್ಟುತ್ತಲೇ ಇರುತ್ತಾನೆ, ಬಿಡಿಸುವವನು ಕೈಕಟ್ಟಿ ಕೂತಿರುತ್ತಾನೆ, ದಂಡೆ ಬೆಳೆಯುತ್ತದೆ. ಆ ದಂಡೆ ಹೋಗಿ ರೈಬೋಸೋಮ್‌ನ (ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಯಂತ್ರ ಅನ್ನು) ಹಳೆ ಪ್ರೋಟೀನುಗಳನ್ನು ಚೂರು ಮಾಡುವ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಚೂರುಗಳಿಂದ ಹೊಸ ಪ್ರೋಟೀನು. ಅಂದರೆ ಒಡೆಯುವ ಕಿಣ್ವ ಯಾವಾಗ ಒಡೆಯುತ್ತದೆ ಅನ್ನುವಷ್ಟೇ ಮುಖ್ಯ, ಯಾವಾಗ ಸುಮ್ಮನಿರುತ್ತದೆ ಅನ್ನುವುದು. ಇದನ್ನು ನೋಟ್ಸ್‌ನ ಮೂರನೇ ಸಾಲಾಗಿ ಬರೆದುಕೋ.

ಪ್ರಶ್ನೆ: ನಮ್ಮ ಕಡೆ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತದೆ. ಬೋರ್‌ವೆಲ್‌ಗಳಲ್ಲಿ ನೀರು ಬಂತು, ಸಂತೋಷ. ಆದರೆ ಕೆರೆ ಹಸಿರಾಗಿ, ಮೇಲೆಲ್ಲ ಕಳೆ ಮುಚ್ಚಿಕೊಳ್ಳುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲಿರುವ ಪಾಲಿಫಾಸ್ಫೇಟ್ ಇದಕ್ಕೆ ಕಾರಣ ಅಂತಾರೆ. ಅದು ತಾನಾಗೇ ಒಡೆದು ಹೋಗುವುದಿಲ್ವಾ?
ಓದುಗರು, ನರಸಾಪುರ, ಕೋಲಾರ ತಾಲ್ಲೂಕು

ಉತ್ತರ: ಒಡೆದುಹೋಗುತ್ತದೆ ಸ್ವಾಮಿ, ತೊಂದರೆ ಶುರುವಾಗುವುದೇ ಅಲ್ಲಿಂದ.

ನೀವು ಹೇಳುವ ಆ ಬೆಂಗಳೂರಿನ ನೀರು, ಅಂದರೆ ಕೆ.ಸಿ. ವ್ಯಾಲಿ ಯೋಜನೆಯ ನೀರು, 2018ರ ಜೂನ್‌ನಲ್ಲಿ ಮೊದಲು ಬಂದದ್ದು ನಿಮ್ಮ ಕಡೆಯ ಲಕ್ಷ್ಮೀಸಾಗರ ಕೆರೆಗೆ. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದು, ವಿಷಯ ಕೋರ್ಟ್ ಮೆಟ್ಟಿಲು ಹತ್ತಿದ್ದು ನಿಮಗೆ ನೆನಪಿರುತ್ತದೆ. ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ಎರಡನೇ ಹಂತದ ಶುದ್ಧೀಕರಣ ಸಾಲದು, ಉಳಿದ ರಂಜಕದಂಥದ್ದನ್ನೂ ತೆಗೆಯುವ ಮೂರನೇ ಹಂತವೂ ಬೇಕು ಅನ್ನುವ ಕೂಗು ಈ ಜಿಲ್ಲೆಗಳಲ್ಲಿ ಅವತ್ತಿನಿಂದಲೂ ಇದೆ.

ಒಂದು ಗೊಂದಲ ಮೊದಲು ಬಗೆಹರಿಸಿಬಿಡೋಣ. ನೊರೆಗೂ ಫಾಸ್ಫೇಟಿಗೂ ನೇರ ನಂಟಿಲ್ಲ. ನೊರೆ ಬರುವುದು ಸೋಪಿನ ಪುಡಿಯಲ್ಲಿ ಕೊಳೆ ತೆಗೆಯುವ ಇನ್ನೊಂದು ಪದಾರ್ಥದಿಂದ. ಫಾಸ್ಫೇಟ್ ಇರುವುದು ಬೇರೆ ಕೆಲಸಕ್ಕೆ. ನಮ್ಮ ಬೋರ್‌ವೆಲ್ ನೀರು ಗಡಸು ಅಲ್ವಾ, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದು ಕೂರಿಸಿದರೆ ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗೆ ಹಿಡಿಯುವುದಕ್ಕೆ ಹಾಕುವುದು ಸೋಡಿಯಂ ಟ್ರೈಪಾಲಿಫಾಸ್ಫೇಟ್. ಮೂರೇ ಹೂವಿನ ಪುಟಾಣಿ ದಂಡೆ. ಎಲ್ಲ ಪುಡಿಯಲ್ಲೂ ಇರುವುದಿಲ್ಲ, ಅದರ ಬದಲು ಸೋಡಾ, ಜಿಯೋಲೈಟ್ ಹಾಕುವವರೂ ಇದ್ದಾರೆ. ಯುರೋಪಿನಲ್ಲಿ 2013ರಿಂದ ಮನೆಬಳಕೆಯ ಬಟ್ಟೆ ಪುಡಿಗೆ ರಂಜಕದ ಕಟ್ಟುನಿಟ್ಟಿನ ಮಿತಿ ಹಾಕಿದ್ದಾರೆ.

ಇನ್ನು ಹಸಿರಿನ ವಿಷಯ. ಪಾಚಿಗೆ, ಅಂತರಗಂಗೆಗೆ ಬೇಕಾದದ್ದು ಬಿಡಿ ಫಾಸ್ಫೇಟ್. ಚರಂಡಿಯಲ್ಲೂ ಕೆರೆಯಲ್ಲೂ ಇರುವ ಬ್ಯಾಕ್ಟೀರಿಯಾಗಳ ಫಾಸ್ಫಟೇಸ್‌ಗಳು ಆ ಮೂರು ಹೂವಿನ ದಂಡೆಯನ್ನು ಬಿಡಿ ಮಾಡಿ ನೀರಿಗೆ ಬಿಡುತ್ತವೆ. ರಂಜಕ ಮಾಯವಾಗಲಿಲ್ಲ, ಊಟಕ್ಕೆ ಸುಲಭವಾಗುವ ಹಾಗೆ ಬಿಡಿಬಿಡಿಯಾಯಿತು ಅಷ್ಟೆ. ಎಲ್ಲ ಪಾಪವನ್ನೂ ಸೋಪಿನ ಪುಡಿ ತಲೆಗೇ ಕಟ್ಟಬೇಡಿ, ಮನುಷ್ಯರ ಮಲಮೂತ್ರದಿಂದಲೂ ರಂಜಕ ಬೇಕಾದಷ್ಟು ಬರುತ್ತದೆ.

ಇದೇ ಒಡೆಯುವ ಕಟ್ಟುವ ಆಟವನ್ನು ಬಳಸಿಕೊಂಡು ಕೊಳಚೆ ನೀರಿನಿಂದ ಫಾಸ್ಫೇಟ್ ತೆಗೆಯುವ ವಿಧಾನ ಒಂದಿದೆ, ಹಲವು ದೇಶಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ಮೊದಲ ತೊಟ್ಟಿಯಲ್ಲಿ ಗಾಳಿ ಇರುವುದಿಲ್ಲ. ಅಲ್ಲಿ ಅಕ್ಯುಮುಲಿಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳು ತಮ್ಮ ಹೊಟ್ಟೆಯಲ್ಲಿದ್ದ ಪಾಲಿಫಾಸ್ಫೇಟ್ ಒಡೆದು, ಆ ಬಲದಿಂದ ಕೊಳಚೆಯಲ್ಲಿರುವ ಅಸಿಟೇಟ್‌ನಂಥ ಸಣ್ಣ ಆಮ್ಲಗಳನ್ನು ನುಂಗಿ ಕೂಡಿಡುತ್ತವೆ. (ಇಲ್ಲಿ ಶಕ್ತಿ ಶಾಖವಾಗಿ ಪೋಲಾಗುವುದಿಲ್ಲ, ಚಿಂತಾಮಣಿಯ ಹುಡುಗಿಗೆ ಹೇಳಿದೆನಲ್ಲ, ಕೈನೇಸ್ ಉಲ್ಟಾ ಓಡುವುದು ಅಂತ, ಆ ಥರದ ಕೆಲಸ.) ಆಗ ಫಾಸ್ಫೇಟ್ ಹೊರಗೆ ಬಂದು, ನೀರಿನಲ್ಲಿ ಅದರ ಪ್ರಮಾಣ ಮೊದಲಿಗಿಂತ ಜಾಸ್ತಿಯೇ ಆಗುತ್ತದೆ. ನೋಡಿದವರಿಗೆ ಇದೇನು ಕೆಟ್ಟು ಹೋಯ್ತಲ್ಲ ಅನಿಸಬೇಕು. ಎರಡನೇ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಈಗ ಅವೇ ಬ್ಯಾಕ್ಟೀರಿಯಾಗಳು ಕೂಡಿಟ್ಟ ಊಟ ಕರಗಿಸುತ್ತಾ, ಬಿಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಫಾಸ್ಫೇಟ್ ಹೀರಿ ಮತ್ತೆ ದಂಡೆ ಕಟ್ಟಿಕೊಳ್ಳುತ್ತವೆ. ಸರಿಯಾಗಿ ಆ ಹೊತ್ತಿಗೆ ಕೆಸರನ್ನು ಹೊರಗೆ ತೆಗೆಯಬೇಕು. ತೆಗೆಯದೆ ಗಾಳಿಯಿಲ್ಲದ ಜಾಗದಲ್ಲಿ ಹಾಗೇ ಬಿಟ್ಟರೆ ಬಿಡಿಸುವ ಕೆಲಸ ಮತ್ತೆ ಶುರುವಾಗಿ, ಕಟ್ಟಿದ್ದೆಲ್ಲ ವಾಪಸ್ ನೀರಿಗೆ.

ನಿಮ್ಮ ಕೆರೆಯ ತಳದಲ್ಲೂ ಇದರ ನೆರಳಿದೆ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದಾಗ ಅಂಚಿನ ಕೆಸರಿಗೆ ಕೋಲು ಚುಚ್ಚಿ ನೋಡಿ. ಮೇಲೆ ಕಂದು, ಒಂದು ಗೇಣು ಒಳಗೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಅಲ್ಲಿ ಆಮ್ಲಜನಕ ಇಲ್ಲ ಅಂತ ಅರ್ಥ. ಅಂಥ ಕಡೆ ಬ್ಯಾಕ್ಟೀರಿಯಾಗಳು ದಂಡೆ ಬಿಡಿಸುತ್ತವೆ. ಕಬ್ಬಿಣಕ್ಕೆ ಅಂಟಿಕೊಂಡಿದ್ದ ಫಾಸ್ಫೇಟೂ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೇಲಿನ ಕಳೆ ಮಾತ್ರ ತೆಗೆಸಿ ಫೋಟೋ ಹಿಡಿಸಿಕೊಂಡರೆ ಮುಂದಿನ ವರ್ಷ ಮತ್ತೆ ಅದೇ ಹಾಡು. ತೆಗೆದ ಕಳೆಯನ್ನು ದಡದಲ್ಲೇ ರಾಶಿ ಹಾಕಿದರೆ ಇನ್ನೂ ಚೆಂದ, ಮೊದಲ ಮಳೆಗೆ ರಂಜಕವೆಲ್ಲ ಕೆರೆಗೇ ಇಳಿಯುತ್ತದೆ. ದೂರ ಸಾಗಿಸಿ ಗೊಬ್ಬರ ಮಾಡಿಸಿ.

ಪ್ರಶ್ನೆ: ಗಂಟಲುಮಾರಿಯ (ಡಿಫ್ತೀರಿಯಾ) ಸ್ಲೈಡಿನಲ್ಲಿ ಕಾಣುವ ಚುಕ್ಕೆಗಳು ಇದೇನಾ?
ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ಇವೇ. ಆಲ್ಬರ್ಟ್ ಬಣ್ಣ ಹಾಕಿದಾಗ ಹಸಿರು ಕಡ್ಡಿಯಂಥ ಬ್ಯಾಕ್ಟೀರಿಯಾದೊಳಗೆ ನೀಲಿಗಪ್ಪು ಚುಕ್ಕೆ ಕಾಣುತ್ತದಲ್ಲ, ಅದು ಒತ್ತೊತ್ತಾಗಿ ತುಂಬಿಟ್ಟ ಪಾಲಿಫಾಸ್ಫೇಟ್. ವೊಲುಟಿನ್ ಅಂತ ಹಳೆ ಹೆಸರು. ಚುಕ್ಕೆ ಕಂಡ ಮಾತ್ರಕ್ಕೆ ಗಂಟಲುಮಾರಿ ಅಂತ ಬರೆದುಬಿಡಬೇಡಿ, ತೊಂದರೆ ಕೊಡದ ಅದರ ದಾಯಾದಿಗಳಲ್ಲೂ ಇರುತ್ತದೆ.

ಪ್ರಶ್ನೆ: ತೆಂಗಿನ ತೋಟಕ್ಕೆ ವರ್ಷಾ ವರ್ಷ ಡಿಎಪಿ ಹಾಕಿದ್ದೇನೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಬೇಕಾದಷ್ಟಿದೆ ಅಂತ ಬಂತು. ಈಗ ಯಾರೋ ಮೈಕೊರೈಜಾ ಹಾಕಿ ಅಂತಾರೆ. ಅದು ಈ ಕಿಣ್ವದ ಥರಾನಾ?
ರೈತರು, ಗುಬ್ಬಿ ತಾಲ್ಲೂಕು

ಉತ್ತರ: ಮೈಕೊರೈಜಾ ಕಿಣ್ವ ಅಲ್ಲ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ. ಆದರೆ ನೀವು ಕೇಳಿದ್ದು ಸರಿಯಾದ ಜಾಗಕ್ಕೇ ತಾಗಿದೆ, ಯಾಕೆಂದರೆ ಅದರ ಹೊಟ್ಟೆಯಲ್ಲಿ ನಡೆಯುವುದು ಪಾಲಿಫಾಸ್ಫೇಟ್ ಸಾಗಾಟವೇ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಹಾಕಿದ ಫಾಸ್ಫೇಟನ್ನು ಅವು ಬಾಚಿ ತಬ್ಬಿಕೊಳ್ಳುತ್ತವೆ. ಬೇರು ತನ್ನ ಸುತ್ತ ಕೆಲವೇ ಮಿಲಿಮೀಟರ್ ಜಾಗದ್ದನ್ನು ಹೀರಿ ಖಾಲಿ ಮಾಡಿ ಕೂರುತ್ತದೆ, ಆಚೆಯದು ನಡೆದು ಬರುವುದಿಲ್ಲ. ಶಿಲೀಂಧ್ರದ ಎಳೆ ಕೂದಲಿಗಿಂತ ತೆಳ್ಳಗೆ. ಬೇರು ಮುಟ್ಟದ ಸಂದಿಗೂ ನುಗ್ಗಿ ಫಾಸ್ಫೇಟ್ ಹೀರಿ, ಪಾಲಿಫಾಸ್ಫೇಟ್ ದಂಡೆ ಕಟ್ಟಿ, ಎಳೆಯೊಳಗೇ ಬೇರಿನವರೆಗೆ ತರುತ್ತದೆ. ಬಿಡಿಬಿಡಿಯಾಗಿ ತಂದರೆ ಎಳೆಯೊಳಗೆ ಅದರ ಸಾಂದ್ರತೆ ವಿಪರೀತ ಏರಿಬಿಡುತ್ತದೆ, ದಂಡೆ ಕಟ್ಟಿದರೆ ಒಂದೇ ಅಣುವಿನಲ್ಲಿ ನೂರಾರು ಸಾಗುತ್ತವೆ. ಬೇರಿನ ಜೀವಕೋಶದೊಳಗೆ ಪುಟ್ಟ ಮರದ ಥರ ಕವಲೊಡೆದು ಕೂರುತ್ತದೆ ನೋಡಿ, ಅಲ್ಲಿ ದಂಡೆ ಬಿಡಿಸಿ ಗಿಡಕ್ಕೆ ದಾಟಿಸುತ್ತದೆ. ಕೂಲಿಗೆ ಗಿಡದಿಂದ ಸಕ್ಕರೆ, ಕೊಬ್ಬು.

ನಿಮ್ಮ ವಿಷಯಕ್ಕೆ ಬಂದರೆ, ರಂಜಕ ಬೇಕಾದಷ್ಟಿದೆ ಅಂತ ವರದಿ ಬಂದ ಮೇಲೂ ಡಿಎಪಿ ಯಾಕೆ ಸುರಿಯಬೇಕು? ಮಣ್ಣಿನಲ್ಲಿ ಫಾಸ್ಫೇಟ್ ತುಂಬಿದ್ದರೆ ಗಿಡ ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ, ಮನೆಯಲ್ಲೇ ಇರುವಾಗ ಕೂಲಿ ಯಾಕೆ ಕೊಡಲಿ ಅಂತ. ಹಾಗಾಗಿ ಮೈಕೊರೈಜಾ ಪ್ಯಾಕೆಟ್ಟೂ ಡಿಎಪಿಯೂ ಒಟ್ಟಿಗೆ ಹಾಕಿದರೆ ಪ್ಯಾಕೆಟ್ಟಿನ ದುಡ್ಡು ದಂಡ. ಸಾರಜನಕಕ್ಕೆ, ಪೊಟ್ಯಾಷಿಗೆ ಬೇರೆ ದಾರಿ ನೋಡಿಕೊಂಡು, ರಂಜಕದ ಗೊಬ್ಬರ ಕಡಿಮೆ ಮಾಡಿ. ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿದವರನ್ನೇ ಕೇಳಿ, ತೋಟ ನೋಡದೆ ನಾನು ಇಲ್ಲಿಂದ ಹೇಳುವುದು ಸರಿಯಲ್ಲ.

ಪ್ರಶ್ನೆ: ಮಗಳು ಚೀಸ್ ಸ್ಲೈಸ್ ಬಿಟ್ಟರೆ ಬೇರೆ ತಿನ್ನಲ್ಲ. ಕವರಿನ ಮೇಲೆ ಐಎನ್‌ಎಸ್ 452 ಅಂತಿದೆ, ನೋಡಿದರೆ ಅದು ಪಾಲಿಫಾಸ್ಫೇಟ್! ದೇಹ ಇದನ್ನು ಒಡೆಯುತ್ತದಾ? ಮನೆಯಲ್ಲಿ ಮಾವನವರಿಗೆ ಕಿಡ್ನಿ ತೊಂದರೆ ಇದೆ.
ಗೃಹಿಣಿ, ಮುಳಬಾಗಿಲು

ಉತ್ತರ: ಒಡೆಯುತ್ತದೆ. ಕರುಳಿನ ಒಳಗೋಡೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಇದೆ. ಲಿವರ್ ಟೆಸ್ಟ್ ರಿಪೋರ್ಟಿನಲ್ಲಿ ಎಎಲ್‌ಪಿ ಅಂತ ಬರುತ್ತದಲ್ಲ, ಅದರ ಬಳಗದ್ದೇ. ಕರುವಿನ ಕರುಳಿನಿಂದ ತೆಗೆದ ಆ ಕಿಣ್ವ ಪಾಲಿಫಾಸ್ಫೇಟನ್ನು ತುದಿಯಿಂದ ಒಂದೊಂದಾಗಿ ಬಿಡಿಸುತ್ತದೆ ಅಂತ 2001ರಲ್ಲಿ ತೋರಿಸಿದರು. ಚೀಸಿಗೆ ಅದನ್ನು ಹಾಕುವುದು ಕೊಬ್ಬು, ನೀರು ಬೇರೆಯಾಗದೆ ನುಣ್ಣಗೆ ಇರಲಿ ಅಂತ. ಮಗಳು ಆಗೊಂದು ಈಗೊಂದು ತಿಂದರೆ ಪರವಾಗಿಲ್ಲ, ಅದೇ ಊಟವಾಗುವುದು ಬೇಡ. ಮಾವನವರ ವಿಷಯದಲ್ಲಿ ಮಾತ್ರ ಹುಷಾರು. ಬೇಳೆಕಾಳಿನಲ್ಲಿರುವ ರಂಜಕಕ್ಕಿಂತ ಹೀಗೆ ಪುಡಿಯಾಗಿ ಬೆರೆಸಿದ ಫಾಸ್ಫೇಟ್ ಜಾಸ್ತಿ ಮೈಗೆ ಸೇರುತ್ತದೆ. ಅದನ್ನು ಹೊರಹಾಕುವುದು ಕಿಡ್ನಿಯ ಕೆಲಸ, ಅದೇ ಸೋತಿರುವಾಗ ರಕ್ತದಲ್ಲಿ ಉಳಿಯುತ್ತದೆ. ಡಾಕ್ಟರಿಗೆ ಆ ಕವರ್ ತೋರಿಸಿ.

ನಮ್ಮ ರಕ್ತದಲ್ಲೂ ದಂಡೆ ಇದೆ, ಗೊತ್ತಾ? ಡೆಂಗಿ ಬಂದಾಗ ಎಲ್ಲರೂ ಎಣಿಸುವ ಪ್ಲೇಟ್‌ಲೆಟ್‌ಗಳ ಒಳಗೆ ಸುಮಾರು 60ರಿಂದ 100 ಫಾಸ್ಫೇಟ್ ಉದ್ದದ ದಂಡೆಗಳು ಇರುತ್ತವೆ. ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ಅವು ಹೊರಗೆ ಚೆಲ್ಲಿ, ರಕ್ತ ಬೇಗ ಹೆಪ್ಪುಗಟ್ಟಲು ನೆರವಾಗುತ್ತವೆ. ಆಮೇಲೆ ಫಾಸ್ಫಟೇಸ್‌ಗಳು ಬಂದು ಅವನ್ನು ಬಿಡಿಸಿ ಮುಗಿಸುತ್ತವೆ. ಇಲಿಗಳಿಗೆ ಬ್ಯಾಕ್ಟೀರಿಯಾದ ಎಕ್ಸೋಪಾಲಿಫಾಸ್ಫಟೇಸ್ ಕೊಟ್ಟಾಗ, ಗಾಯದ ರಕ್ತಸ್ರಾವ ಜಾಸ್ತಿಯಾಗದೆ, ಬೇಡದ ಕಡೆ ಹೆಪ್ಪುಗಟ್ಟುವುದು ಕಡಿಮೆಯಾಯಿತು ಅಂತ 2016ರಲ್ಲಿ ವರದಿ ಬಂತು. ಇದು ಇಲಿಯ ಮಾತು, ಮಾತ್ರೆಯಾಗಿ ಅಂಗಡಿಗೆ ಬಂದಿದೆ ಅಂತ ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

ಪ್ರಶ್ನೆ: ರಾಗಿ ಮೊಳಕೆ ಕಟ್ಟಿದರೆ ಫಾಸ್ಫೇಟ್ ಒಡೆಯುತ್ತದೆ ಅಂತಾರಲ್ಲ, ಅದೂ ಇದೇ ಕಿಣ್ವವಾ?
ಓದುಗರು, ಶಿರಾ

ಉತ್ತರ: ಅಲ್ಲ, ಅದು ಫೈಟೇಸ್. ರಾಗಿಯಲ್ಲಿರುವುದು ಫೈಟೇಟ್, ಒಂದು ಉಂಗುರಕ್ಕೆ ಆರು ಫಾಸ್ಫೇಟ್ ಬಿಡಿಬಿಡಿಯಾಗಿ ಸಿಕ್ಕಿಸಿದ ಹಾಗೆ. ದಂಡೆ ಅಲ್ಲ, ಆರು ಬೀಗದ ಕೈ ತೂಗುಹಾಕಿದ ಬಳೆ ಅನ್ನಿ. ಫೈಟೇಟ್ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬಂದಾಗ ಒಂದಷ್ಟು ಬಿಡುತ್ತದೆ. ಮಕ್ಕಳಿಗೆ ರಾಗಿ ಸರಿ ಮಾಡಲು ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುತ್ತಿದ್ದರಲ್ಲ, ಅದನ್ನು ಬಿಡಬೇಡಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಬಹುದಾ? ನಮ್ಮಲ್ಲಿ ಒಂದು ಒಳ್ಳೆ ಮೈಕ್ರೋಸ್ಕೋಪ್ ಇದೆ, ಅಷ್ಟೆ.
ವಿಜ್ಞಾನ ಶಿಕ್ಷಕಿ, ಪಾವಗಡ

ಉತ್ತರ: ಕಿಣ್ವ ಕಾಣಿಸುವುದಿಲ್ಲ ಮೇಡಂ, ಅದು ಬಿಡಿಸುವ ಸರಕು ಕಾಣುತ್ತದೆ. ಬೇಕರಿ ಸಾಮಾನು ಮಾರುವ ಅಂಗಡಿಯಿಂದ ಒಣ ಯೀಸ್ಟ್ ತನ್ನಿ. ಬೆಚ್ಚಗಿನ ನೀರಿಗೆ ಚೂರು ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಒಂದೆರಡು ಗಂಟೆ ಬಿಡಿ. ಒಂದು ಹನಿಯನ್ನು ಬಣ್ಣ ಹಾಕದೆ ಹಾಗೇ ನೋಡಿದರೆ ಕೆಲವು ಕೋಶಗಳೊಳಗೆ ತಿಳಿಯಾದ ಗುಳ್ಳೆ, ಅದರಲ್ಲಿ ಸಣ್ಣ ಚುಕ್ಕೆ ಕುಣಿಯುತ್ತಿರುತ್ತದೆ. ಹಳಬರು ಅದಕ್ಕೆ ‘ಕುಣಿಯುವ ಕಾಯ’ ಅನ್ನುತ್ತಿದ್ದರು. ಯೀಸ್ಟಿನ ಪಾಲಿಫಾಸ್ಫೇಟ್ ತುಂಬಿರುವುದು ಆ ಗುಳ್ಳೆಯಲ್ಲೇ.

ಆಮೇಲೆ ಇನ್ನೊಂದು ಹನಿಯನ್ನು ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಸ್ಪಿರಿಟ್ ದೀಪದ ಮೇಲೆ ಮೂರು ಸಲ ಬೇಗ ಬೇಗ ಹಾಯಿಸಿ. ಟೊಲುಯಿಡಿನ್ ಬ್ಲೂ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೆಥಿಲೀನ್ ಬ್ಲೂ. ಎರಡು ನಿಮಿಷ ಬಿಟ್ಟು ತೊಳೆದು, ಎಣ್ಣೆ ಹಾಕಿ ನೋಡುವ ನೂರರ ಲೆನ್ಸಿನಲ್ಲಿ ನೋಡಿ. ಕೋಶ ನೀಲಿ, ಚುಕ್ಕೆ ಕೆಂಪು ಮಿಶ್ರಿತ ನೇರಳೆ. ಬಣ್ಣದ ಅಣುಗಳು ದಂಡೆಯ ಮೇಲೆ ಒತ್ತೊತ್ತಾಗಿ ಕೂತಾಗ ಅವುಗಳ ಬಣ್ಣವೇ ಬದಲಾಗುತ್ತದೆ. ಮೊದಲ ಸಲ ಇದನ್ನು ನೋಡಿದಾಗ ಬಣ್ಣದ ಬಾಟಲಿ ಕೆಟ್ಟಿದೆ ಅಂದುಕೊಂಡು ಸ್ಲೈಡನ್ನು ಸಿಂಕಿಗೆ ಎಸೆಯಲು ಹೋಗಿದ್ದವನು ನಾನು.

ಚುಕ್ಕೆ ಕಾಣದಿದ್ದರೆ ಬೇಜಾರಾಗಬೇಡಿ. ಯೀಸ್ಟ್ ಹಸಿದಿದ್ದರೆ ದಂಡೆ ಆಗಲೇ ಖಾಲಿಯಾಗಿರುತ್ತದೆ. ಆ ದ್ರವಕ್ಕೆ ಲ್ಯಾಬಿನಲ್ಲಿರುವ ಪೊಟ್ಯಾಷಿಯಂ ಫಾಸ್ಫೇಟ್ ಚಿಟಿಕೆ ಹಾಕಿ, ಇನ್ನೊಂದಷ್ಟು ಸಕ್ಕರೆ ಹಾಕಿ, ಮತ್ತೆ ಒಂದೆರಡು ಗಂಟೆ ಬಿಟ್ಟು ಇನ್ನೊಂದು ಸ್ಲೈಡ್ ಮಾಡಿ. ಹಸಿದ ಯೀಸ್ಟಿಗೆ ಫಾಸ್ಫೇಟ್ ಸಿಕ್ಕರೆ ಮೊದಲಿಗಿಂತ ಜಾಸ್ತಿಯೇ ಕಟ್ಟಿಕೊಳ್ಳುತ್ತದೆ. ಎರಡೂ ಸ್ಲೈಡ್ ಪಕ್ಕಪಕ್ಕ ಇಡಿ, ಯಾವುದು ಹಸಿದದ್ದು ಅಂತ ಮಕ್ಕಳೇ ಹೇಳಲಿ.